ದಾನವ್ವನ ವೈಫೈ, ತಿಳವಳ್ಳಿಯ ಹೆಪ್ಪು

ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿಯ ಹಿಂದೊಂದು ಓಣಿಯಿದೆ. ಆ ಓಣಿಯ ಯಾವ ಮನೆಯಲ್ಲಿ ಮೊಸರನ್ನ ಉಂಡರೂ ನೀವು ಉಂಡದ್ದು ತಿಳವಳ್ಳಿಯ ಮೊಸರು. ನಗಬೇಡಿ, ಮಾತು ಖರೆ. ದಾನವ್ವ ಮದುವೆಯಾಗಿ ತಿಳವಳ್ಳಿಯಿಂದ ಈ ಊರಿಗೆ ಬರುವ ದಿನ ಅವಳ ಅವ್ವ ಒಂದು ಸಣ್ಣ ಗಡಿಗೆಯಲ್ಲಿ ಹೆಪ್ಪು ಹಾಕಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ಮಗಳ ಉಡಿಯಲ್ಲಿ ಇಟ್ಟಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಮದುಮಗಳು ಗಂಡನ ಕಡೆ ನೋಡದೆ ಗಡಿಗೆಯ ಕಡೆ ನೋಡುತ್ತಿದ್ದಳಂತೆ. "ಆವತ್ತ ನನಗ ತಿಳೀತು, ಈ ಸಂಸಾರದಾಗ ನನ್ನ ನಂಬರ್ ಎರಡನೇದು ಅಂತ" ಎಂದು ಅವಳ ಗಂಡ ಪರಮೇಶಪ್ಪ ಈಗಲೂ ಬಂದವರೆದುರು ಹೇಳಿ ನಗುತ್ತಾನೆ.

ಹೆಪ್ಪಿನ ಜೊತೆಗೆ ಅವ್ವ ಬುದ್ಧಿಮಾತನ್ನೂ ಕಟ್ಟಿ ಕಳಿಸಿದ್ದಳು. "ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನಬ್ಯಾಡ. ಒಂದು ಚಮಚ ಕೊಟ್ರ ನಿನ್ನ ಗಡಿಗಿ ಬರಿದಾಗೂದಿಲ್ಲ. ಆದ್ರ ಸಂಜೀಕ ದೀಪ ಹಚ್ಚಿದ ಮ್ಯಾಲ ಹಾಲು ಮೊಸರು ಹೊಸ್ತಿಲಾ ದಾಟಬಾರದು. ಆ ಹೊತ್ತಿನಾಗ ಯಾರರ ಬಂದ್ರ ಒಳಗ ಕರದು, ಕುಂದ್ರಿಸಿ, ಉಣ್ಣಾಕ ಬಡಸು. ಒಳಗ ಉಂಡದ್ದು ಹೊರಗ ಹೋದಂಗ ಅಲ್ಲ."

ಈ ಮಾತಿನ ಮೊದಲ ಅರ್ಧವನ್ನು ದಾನವ್ವ ಎಷ್ಟು ಮನಸ್ಸಿಗೆ ಹಚ್ಚಿಕೊಂಡಳೆಂದರೆ ‘ಇಲ್ಲ’ ಅನ್ನುವ ಶಬ್ದವೇ ಅವಳ ಬಾಯಿಂದ ಮಾಯವಾಯಿತು. ಓಣಿಯ ಮಂದಿ ಹೆಪ್ಪು ಒಯ್ದರು. ನಿಚ್ಚಣಿಕೆ ಒಯ್ದರು, ಶ್ಯಾವಿಗೆ ಒತ್ತುವ ಮಣೆ ಒಯ್ದರು, ಮದುವೆಯ ಮಾತುಕತೆಗೆ ಹಿರಿಯರು ಬೇಕೆಂದು ಪರಮೇಶಪ್ಪನನ್ನೇ ಒಯ್ದರು. ಒಮ್ಮೆ ಶಿಗ್ಗಾವಿಗೆ ಹೆಣ್ಣು ನೋಡಲು ಹೋದವರು ಅವನನ್ನು ಅಲ್ಲೇ ಮರೆತು ಬಂದದ್ದೂ ಉಂಟು. "ಊರಿಗೆ ಉಪಕಾರಿ, ಮನಿಗೆ ಮಾರಿ!" ಎಂದು ಅವನು ಬೈದರೆ, "ಹೊಳ್ಳಿ ಬಂದೀರಲ್ಲ, ಕಳೀಲಿಲ್ಲಲ್ಲ" ಎಂದು ದಾನವ್ವ ತಾಟು ಇಡುತ್ತಿದ್ದಳು.

ಇಂಥ ಮನೆಗೆ ವೈಫೈ ಬಂತು ನೋಡಿ.

ತಂದದ್ದು ದಾನವ್ವನೇ. ಅದಕ್ಕೆ ಕಾರಣ ಸೊಸೆ ಶ್ವೇತಾ. ಸವಣೂರಿನ ಹುಡುಗಿ, ಮದುವೆಗೆ ಮುಂಚೆ ಹಿರೇಕೆರೂರಿನ ಒಂದು ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಮದುವೆಯಾದ ಮೇಲೆ ದಿನಾ ಅಷ್ಟು ದೂರ ಹೋಗಿ ಬರುವುದಾಗದೆ ಕೆಲಸ ಬಿಟ್ಟಳು. ಗಂಡ ಶರಣು ಹಾನಗಲ್ಲಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವನು. ಶ್ವೇತಾ ಯಾವುದಕ್ಕೂ ಗೊಣಗಿದವಳಲ್ಲ. ಆದರೆ ಪಕ್ಕದ ಮನೆಯ ಕೂಸೊಂದು ಪಾಟಿ ಹಿಡಿದು ಬಂದು "ಅಕ್ಕಾ, ಇದನ್ನ ಹೇಳಿಕೊಡ" ಎಂದರೆ ಸಾಕು, ಒಲೆಯ ಮೇಲಿನ ಪಲ್ಯ ಹೊತ್ತಿದರೂ ಅವಳಿಗೆ ಖಬರಿರುತ್ತಿರಲಿಲ್ಲ. ಹೊತ್ತಿದ ಪಲ್ಯ ಉಂಡುಂಡು ದಾನವ್ವನಿಗೆ ಸೊಸೆಯ ಮನಸ್ಸು ತಿಳಿಯಿತು.

ಒಂದು ದಿನ ಶ್ವೇತಾ ಅಂಜುತ್ತಲೇ ಬಾಯಿಬಿಟ್ಟಳು. ಪುಣೆ, ಮಸ್ಕತ್ತು ಅಂತ ದೂರದಲ್ಲಿರುವ ಕನ್ನಡದವರ ಮಕ್ಕಳಿಗೆ ಮನೆಯಲ್ಲೇ ಕುಳಿತು ಪರದೆಯ ಮೇಲೆ ಕನ್ನಡ ಕಲಿಸುವ ಕೆಲಸವೊಂದಿದೆ. ಸಂಜೆ ಏಳರಿಂದ ಎಂಟರವರೆಗೆ. ಮೊದಲು ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಕೆಲಸ. "ಆದ್ರ ಅತ್ತೀ, ಮನ್ಯಾಗ ನೆಟ್ ಬರೂದಿಲ್ಲಲ್ರಿ" ಎಂದಳು. ಅದೂ ನಿಜ. ಮಣ್ಣಿನ ದಪ್ಪ ಗೋಡೆಯ ಮನೆ. ಫೋನಿನಲ್ಲಿ ನಾಲ್ಕು ಮಾತಾಡಲಿಕ್ಕೂ ಮಾಳಿಗೆ ಹತ್ತಬೇಕಿತ್ತು.

"ಬರೂದಿಲ್ಲಾಂದ್ರ ತರಸೂಣು" ಎಂದಳು ದಾನವ್ವ. ಮರುದಿನವೇ ಊರಿನ ಕೇಬಲ್ಲಿನ ಚನ್ನೇಶ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಬಂದ.

ವೈಫೈ ಪೆಟ್ಟಿಗೆಯನ್ನು ಎಲ್ಲಿ ಇಡಬೇಕು ಅನ್ನುವುದೇ ಮೊದಲ ಜಗಳ. ಚನ್ನೇಶ ಪಡಸಾಲೆಯ ನಡುಗೋಡೆಯ ಮೇಲೆ ಎತ್ತರದಲ್ಲಿ ಹಾಕೋಣ ಎಂದ. ಅಷ್ಟು ಸಣ್ಣ ಚೆಂದದ ಸಾಮಾನು ಹೋಗಿ ಬರುವವರ ಕಣ್ಣಿಗೆ ಬೀಳಬಾರದು ಅಂತ ದಾನವ್ವ. ಕೊನೆಗೆ ಅವಳ ಮಾತೇ ನಡೆದು ಅದು ಗೋಡೆಯ ಗೂಡಿನಲ್ಲಿ, ಕಬ್ಬಿಣದ ತಿಜೋರಿಯ ಹಿಂದೆ ಕುಳಿತಿತು. ಚನ್ನೇಶ ಹೋದ ಮೇಲೆ ಧೂಳು ಬೀಳುತ್ತದೆಂದು ಅವಳು ಅದರ ಮೇಲೊಂದು ಹಿತ್ತಾಳೆಯ ಪಾತೇಲಿಯನ್ನೂ ಬೋರಲು ಹಾಕಿದಳು. ಮರುದಿನ ಶ್ವೇತಾಳ ಕೋಣೆಯಲ್ಲಿ ನೆಟ್ಟಿನ ಒಂದು ಗೆರೆಯೂ ಬರಲಿಲ್ಲ. ಕರೆದಾಗ ಬಂದ ಚನ್ನೇಶ ಪಾತೇಲಿ ಎತ್ತಿ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

"ದೊಡ್ಡವ್ವ, ಇದು ಹಾಲಿನ ಗಡಿಗಿ ಅಲ್ರಿ, ಮುಚ್ಚಿ ಇಡಾಕ! ಇದರ ಗಾಳಿ ಹೊರಗ ಹರದಾಡಬೇಕು. ಕಬ್ಬಿಣ, ಹಿತ್ತಾಳಿ ಅಡ್ಡ ಬಂದ್ರ ಅಲ್ಲೇ ನಿಂತಬಿಡತೈತಿ."

"ಹಂಗಂತ ಮೊದಲ ಹೇಳಬೇಕಿಲ್ಲೋ?"

"ಪಾತೇಲಿ ಬೋರಲ ಹಾಕತೀರಿ ಅಂತ ನನಗ ಕನಸು ಬಿದ್ದಿತ್ತೇನು?"

ಪೆಟ್ಟಿಗೆ ನಡುಗೋಡೆಗೆ ಏರಿತು. ಕೋಣೆಯೇನು, ಹಿತ್ತಲ ದನದ ಕೊಟ್ಟಿಗೆಯವರೆಗೂ, ಮುಂದಿನ ಓಣಿಯವರೆಗೂ ಮುಟ್ಟಿತು. ಪಾಸ್ವರ್ಡ್ ಏನಿಡಲಿ ಎಂದು ಚನ್ನೇಶ ಕೇಳಿದಾಗ ದಾನವ್ವ ಯೋಚನೆ ಮಾಡದೆ ಎಮ್ಮೆಯ ಹೆಸರು ಹೇಳಿದಳು: ಚಂದ್ರಿ. ಅಂಕಿಯೂ ಬೇಕೆಂದಾಗ ಹಿಂದೆ ಒಂದು, ಎರಡು, ಮೂರು, ನಾಲ್ಕು ಸೇರಿತು. ಹಾಲು ಕೊಡುವ ಚಂದ್ರಿಯೇ ಇದನ್ನೂ ಕಾಯಲಿ ಅಂತ.

ಇಲ್ಲಿಗೆ ಎಲ್ಲ ಸರಿಯಿತ್ತು. ಆದರೆ ಹೆಪ್ಪು ಕೇಳಲು ಬಂದ ಶಾಕೀರಾ ಗೋಡೆಯ ಮೇಲೆ ಮಿಣುಕುವ ದೀಪ ನೋಡಿ, "ಅಕ್ಕಾರ, ವೈಫೈ ಹಾಕ್ಸೀರೇನ್ರಿ? ಹೊಸಾ ಜಂಪರಿನ ಡಿಸೈನು ನೋಡೂದಿತ್ತು" ಎಂದಳು. ಬಟ್ಟೆ ಹೊಲಿದು ಮನೆ ನಡೆಸುವವಳು, ಪಾಪ. ದಾನವ್ವ ಚಮಚದಲ್ಲಿ ಹೆಪ್ಪು ಹಾಕಿ, ಬಾಯಲ್ಲಿ ಎಮ್ಮೆಯ ಹೆಸರು ಹೇಳಿ ಕಳಿಸಿದಳು. ಮರುದಿನ ಎದುರುಮನೆಯ ಕುಬೇರಪ್ಪ ಕೇಳಿದ, ಹತ್ತಿಯ ಧಾರಣೆ ನೋಡಲಿಕ್ಕೆ. ಆಮೇಲೆ ಸಿದ್ದವ್ವ, ಪ್ರವಚನ ಕೇಳಲಿಕ್ಕೆ. ದಾನವ್ವನ ಲೆಕ್ಕ ಸರಳವಾಗಿತ್ತು. ಕೊಟ್ಟರೆ ಕಡಿಮೆಯಾಗದ ವಸ್ತು ಜಗತ್ತಿನಲ್ಲಿ ಹೆಪ್ಪೊಂದೇ ಅಂದುಕೊಂಡಿದ್ದಳು, ಈಗ ಎರಡನೆಯದು ಸಿಕ್ಕಿತ್ತು. ಪೆಟ್ಟಿಗೆ ಅಲ್ಲೇ ಇದೆ, ದೀಪ ಹಾಗೇ ಮಿಣುಕುತ್ತಿದೆ, ಯಾರು ಒಯ್ದರೂ ಒಂದು ಎಳೆಯೂ ಸವೆದಿಲ್ಲ. ಇದಕ್ಕಿಂತ ಸುಲಭದ ಪುಣ್ಯ ಯಾವುದಿದೆ?

ಹೆಪ್ಪು ಒಯ್ದವರು ಇನ್ನೊಬ್ಬರಿಗೆ ಕೊಡುವುದು ರೂಢಿಯಲ್ಲವೆ? ಇದೂ ಹಾಗೇ ಆಯಿತು. ತಿಂಗಳೊಪ್ಪತ್ತಿನಲ್ಲಿ ಚಂದ್ರಿಯ ಹೆಸರು ಗಿರಣಿ ದಾಟಿ ಆಚೆ ಓಣಿಗೆ ಹೋಯಿತು.

ಕೇಳಿದವರಲ್ಲಿ ಹುಚ್ಚವ್ವನೂ ಒಬ್ಬಳು. ಓಣಿಯ ತುದಿಯ ಮನೆಯವಳು, ಒಂದು ಎಮ್ಮೆ ಕಟ್ಟಿಕೊಂಡು, ಗದ್ದೆ ನಾಟಿಗೆ ಕೂಲಿ ಹೋಗುವವಳು. ಅವಳ ಮಗಳು ಸವಿತಾಳ ಗಂಡ ಮಿಲಿಟರಿಯವನು, ಅಸ್ಸಾಮಿನ ಕಡೆ ಇದ್ದಾನೆ, ಸವಿತಾಳೂ ಅಲ್ಲಿಯೇ. ಮೊಮ್ಮಗಳು ಹುಟ್ಟಿದ ಮೇಲೆ ಹುಚ್ಚವ್ವ ಅದರ ಮುಖ ನೋಡಿದ್ದು ಫೋನಿನಲ್ಲಿ ಮಾತ್ರ. ಸಂಜೆಯಾದರೆ ಬಂದು ದಾನವ್ವನ ಮನೆಯ ಕಟ್ಟೆಯ ತುದಿಯಲ್ಲಿ ಕುಳಿತು ಫೋನು ಹಿಡಿಯುವಳು. ಕಟ್ಟೆ ದಾಟಿ ಒಳಗೆ ಬಂದವಳಲ್ಲ. ಬಾ ಅಂತ ದಾನವ್ವ ಕರೆದವಳೂ ಅಲ್ಲ. ಹೆಪ್ಪು ಬೇಕಾದಾಗಲೂ ಹೊರಗೆ ನಿಂತು ಪಾತ್ರೆ ಒಡ್ಡುವಳು, ದಾನವ್ವ ಮೇಲಿನಿಂದ ಹಾಕುವಳು. ಹಿಂದಿನಿಂದ ಹಾಗೇ ನಡೆದುಕೊಂಡು ಬಂದಿತ್ತು. ಯಾಕೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಶ್ವೇತಾಳ ಪಾಠದ ದಿನ ಬಂತು. ಏಳು ಗಂಟೆಗೆ ಅವಳು ದಾಳಿಂಬೆ ಬಣ್ಣದ ಇಳಕಲ್ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತಳು. ದಾನವ್ವ ಬಾಗಿಲ ಮರೆಯಲ್ಲಿ. ಪರದೆಯ ಮೇಲೆ ನಾಲ್ಕು ಮಕ್ಕಳು, ಪರೀಕ್ಷೆ ಮಾಡುವ ಮೇಡಂ ಒಬ್ಬರು. "ನಮಸ್ಕಾರ ಮಕ್ಕಳೇ" ಎನ್ನುವವರೆಗೆ ಚೆನ್ನಾಗಿತ್ತು. ‘ಆನೆ’ ಅಂತ ಬಾಯಿ ತೆರೆದಳು ನೋಡಿ, ತೆರೆದ ಬಾಯಿ ತೆರೆದಂತೆಯೇ ನಿಂತಿತು. ಅತ್ತ ಮಕ್ಕಳು ಕಿಸಿಕಿಸಿ ನಕ್ಕರು. ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ಮೇಡಂ ಅವರೇ ಫೋನು ಮಾಡಿ, ಗುರುವಾರ ಇನ್ನೊಂದು ಅವಕಾಶ ಕೊಡುತ್ತೇವೆ, ಆಗಲೂ ಹೀಗೇ ಆದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಶ್ವೇತಾ ಅಳಲಿಲ್ಲ. ಸೀರೆ ಬದಲಿಸಿ ಬಂದು ಸುಮ್ಮನೆ ಹಿಟ್ಟು ನಾದತೊಡಗಿದಳು.

ಪರಮೇಶಪ್ಪ ಸುಮ್ಮನಿರುವ ಪೈಕಿಯಲ್ಲ. ಪೆಟ್ಟಿಗೆಯ ಬಟನ್ನು ಆರಿಸಿ ಹಚ್ಚಿದ. ದೀಪ ಕೆಂಪಗಾಗಿ ಹಸಿರಾಯಿತು, ಪಾಠದ ಕೋಣೆಯಲ್ಲಿ ಮಾತ್ರ ಅದೇ ಹಾಡು. "ಇಲಿ ವೈರ್ ಕಡದಾವ" ಎಂದು ಮಾಳಿಗೆ ಹತ್ತಿದ. ಇಲಿ ಸಿಗಲಿಲ್ಲ, ಕಳೆದ ವರ್ಷ ಕಳೆದ ಅವನದೇ ಚಪ್ಪಲಿ ಸಿಕ್ಕಿತು. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಲು ಹೊರಟಾಗ ಶ್ವೇತಾ ಓಡಿ ಬಂದು ಕೈ ಹಿಡಿದಳು. "ಮಾವಾರ, ಅದನ್ನ ಒತ್ತಿದ್ರ ಹಾಕಿದ್ದೆಲ್ಲಾ ಅಳಿಸಿ ಹೋಗತೈತ್ರಿ!"

ಬೆಳಿಗ್ಗೆ ಚನ್ನೇಶ ಬಂದ. ವೈರು ನೋಡಿದ, ಚಲೋ ಇತ್ತು. ಪೆಟ್ಟಿಗೆ ನೋಡಿದ, ಅದೂ ಚಲೋ. ತನ್ನ ಫೋನು ತೆಗೆದು ಈ ಪೆಟ್ಟಿಗೆಗೆ ಯಾರು ಯಾರು ಹತ್ತಿದ್ದಾರೆಂದು ನೋಡಿದವನೇ ಸಿಳ್ಳೆ ಹಾಕಿದ.

"ದೊಡ್ಡವ್ವ, ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ?"

"ನಾಕು. ಯಾಕೋ?"

"ಇಲ್ಲೆ ನೋಡಿದ್ರ ಮದುವಿ ಮನಿ ಪಂಕ್ತಿ ಕುಂತೈತಿ! ಹಿಂಗಾದ್ರ ಪಾಠ ಹೆಂಗ ನಡೀಬೇಕು? ಒಂದು ನಳ, ಓಣಿ ತುಂಬ ಕೊಡ. ಯಾರಿಗೆ ಕೊಟ್ಟೀರಿ ಪಾಸ್ವರ್ಡ?"

ದಾನವ್ವನ ಮುಖ ಇಳಿಯಿತು. ಕೊಟ್ಟರೂ ಕಡಿಮೆಯಾಗುವುದಿಲ್ಲ ಅಂದುಕೊಂಡದ್ದು ಕಡಿಮೆಯಾಗುತ್ತಿತ್ತು! ಅದೂ ತನ್ನ ಸೊಸೆಯ ಪಾಲಿನದೇ. "ಕೇಳಿದವರಿಗೆಲ್ಲಾ ನಾನ ಕೊಟ್ಟೇನವಾ" ಎಂದು ಶ್ವೇತಾಳ ಕಡೆ ತಿರುಗಿ ಹೇಳಿದಳು. ಶ್ವೇತಾ ನಕ್ಕುಬಿಟ್ಟಳು. "ನನಗ ಗೊತ್ತಿತ್ತು ಬಿಡ್ರಿ ಅತ್ತೀ. ಸವಣೂರಿನಿಂದ ನಮ್ಮ ಕಾಕಾ ಬಂದಾಗ ಬಸ್ ಸ್ಟ್ಯಾಂಡಿನಾಗ ಯಾರೋ ಹೇಳಿದ್ರಂತ, ಚಂದ್ರಿ ಒಂದು ಎರಡು ಮೂರು ನಾಕು ಅಂತ."

"ಈಗಿಂದೀಗ ಪಾಸ್ವರ್ಡ ಬದಲಿ ಮಾಡತೇನಿ, ಕೆಲಸಾ ಮುಗೀತು" ಎಂದ ಚನ್ನೇಶ.

"ಆಮ್ಯಾಲ ಮಂದಿ ಬಂದು ಕೇಳಿದ್ರ?"

"ಇಲ್ಲ ಅನ್ರಿ."

ಹೇಳುವುದು ಸುಲಭ. ದಾನವ್ವ ಅಡುಗೆಮನೆಗೆ ಹೋಗಿ ಮೊಸರಿನ ಗಡಿಗೆಯ ಮುಂದೆ ಕುಳಿತಳು. ಶಾಕೀರಾಳಿಗೆ ಇಲ್ಲ ಅನ್ನಬೇಕು, ಸಿದ್ದವ್ವನಿಗೆ ಇಲ್ಲ ಅನ್ನಬೇಕು. ನಾಳೆಯಿಂದ ಓಣಿಯಲ್ಲಿ ತಲೆ ಎತ್ತಿ ಹೇಗೆ ನಡೆಯುವುದು? ಅನ್ನದಿದ್ದರೆ ಗುರುವಾರ ಶ್ವೇತಾಳ ಬಾಯಿ ಮತ್ತೆ ಪರದೆಯ ಮೇಲೆ ತೆರೆದೇ ನಿಲ್ಲುತ್ತದೆ, ಹುಡುಗಿ ಮತ್ತೆ ಸುಮ್ಮನೆ ಹಿಟ್ಟು ನಾದುತ್ತಾಳೆ. ಆಮೇಲೆ ಅವ್ವನ ಮಾತಿನ ಎರಡನೆಯ ಅರ್ಧ ನೆನಪಾಯಿತು. ತೊಡೆ ತಟ್ಟಿ ಎದ್ದಳು.

"ಏ ಚನ್ನೇಶ, ಪಾಸ್ವರ್ಡ ಇದ್ದಂಗ ಇರಲಿ. ಪಾಠ ಇರೂದು ಏಳರ ಮ್ಯಾಲ. ದೀಪ ಹಚ್ಚೂದು ಅದಕ್ಕ ಮೊದಲ. ದೀಪ ಹಚ್ಚಿದ ಮ್ಯಾಲ ಹೆಪ್ಪಿಲ್ಲ, ವೈಫೈನೂ ಇಲ್ಲ. ಪಾಠ ಮುಗದು ಊಟದ ಹೊತ್ತಾದ ಮ್ಯಾಲ ಬೇಕಾದ್ರ ನೋಡಲಿ."

"ಮಂದಿ ಕೇಳಬೇಕಲ್ರಿ! ನಾನ ಟೈಮಿಗೆ ಬಂದ್ ಆಗೂವಂಗ ಕೀಲಿ ಹಾಕತೇನಿ."

"ಕೀಲಿ ಹಾಕಿದ್ರ ನಂಬಿಲ್ಲ ಅಂದಂಗ ಆತು. ನಾ ಹೇಳತೇನಿ, ಅವರು ಕೇಳತಾರ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಅವಳು ಮನೆಮನೆಗೆ ಹೋಗಲಿಲ್ಲ. ಬೆಳಗಿನಲ್ಲಿ ಹೆಪ್ಪಿಗೆ, ಕರಿಬೇವಿಗೆ, ಸುಮ್ಮನೆ ಮಾತಿಗೆ ಬಂದವರಿಗೆ ಹೇಳಿದಳು, ಅವರು ಉಳಿದವರಿಗೆ ಮುಟ್ಟಿಸಿದರು. ಸೊಸೆಯ ಕೆಲಸದ ಮಾತು ಎತ್ತಲೇಬೇಕಾಗಲಿಲ್ಲ. ‘ದೀಪ ಹಚ್ಚಿದ ಮೇಲೆ’ ಅಂದಕೂಡಲೇ ಎಲ್ಲರಿಗೂ ತಿಳಿಯಿತು. "ಹಂಗ ಹೇಳ್ರಿ ಮತ್ತ! ನಮ್ಮ ಅಮ್ಮೀನೂ ಸಂಜೀಕ ಮೊಸರು ಕೊಡತಿದ್ದಿಲ್ಲ" ಎಂದಳು ಶಾಕೀರಾ. ಕುಬೇರಪ್ಪ ಮಾತ್ರ, "ಧಾರಣಿ ಸಂಜೀಕ ಬರತೈತಲ್ಲ, ತಂಗಿ" ಎಂದು ಗುನುಗಿದ. ಅವನ ಹೆಂಡತಿ ಒಳಗಿಂದಲೇ, "ಮನ್ಯಾಗ ಹತ್ತಿ ಇಲ್ಲ, ಧಾರಣಿ ತಗೊಂಡು ಏನ ಮಾಡ್ತೀರಿ?" ಎಂದಳು. ಅವನೂ ಒಪ್ಪಿದ.

ಗುರುವಾರ ಸಂಜೆ. ಚನ್ನೇಶ ಫೋನು ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದ. ದಾನವ್ವ ದೇವರ ಮುಂದೆ ದೀಪ ಹಚ್ಚಿ, ಇನ್ನೊಂದನ್ನು ಹೊಸ್ತಿಲ ಪಕ್ಕದಲ್ಲಿಟ್ಟಳು. ಎದುರಿನ ಮನೆಯಲ್ಲೂ ದೀಪ ಹತ್ತಿತು, ಆಚೆ ಮನೆಯಲ್ಲೂ.

"ದೊಡ್ಡವ್ವ, ಇಳ್ಯಾಕತ್ತಾರ! ಒಬ್ಬೊಬ್ಬರ ಇಳ್ಯಾಕತ್ತಾರ!" ಚನ್ನೇಶ ಎದ್ದೇ ನಿಂತ. ಓಣಿಯಲ್ಲಿ ದೀಪ ಹತ್ತಿದಂತೆಲ್ಲ ಅವನ ಫೋನಿನಲ್ಲಿ ಹೆಸರು ಅಳಿಯುತ್ತ ಬಂದವು. ದಾನವ್ವನಿಗೆ ಓದಲು ಬರುವುದಿಲ್ಲ. ಆದರೂ ಆ ಖಾಲಿಯಾಗುವ ಪರದೆ ನೋಡಿ ಕಣ್ಣು ತುಂಬಿ ಬಂತು. ತಾನು ಇಷ್ಟು ವರ್ಷ ಹಾಕಿದ ಚಮಚ ಚಮಚ ಹೆಪ್ಪು ಈ ಓಣಿ ಮರೆತಿಲ್ಲ ಅನ್ನಿಸಿತು.

"ಆದ್ರ ಒಂದ ಉಳದೈತ್ರಿ. ಹೊರಗಿಂದು. ವಿಡಿಯೋ ಜಗ್ಗಾಕತ್ತೈತಿ."

ಯಾರದು? ದಾನವ್ವ, ಚನ್ನೇಶ, ಪಾಠಕ್ಕೆ ಅಣಿಯಾಗಿದ್ದ ಶ್ವೇತಾ, ಮೂವರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಹಿತ್ತಲ ಕೊಟ್ಟಿಗೆಯಿಂದ "ಹೋಯ್! ಹಿಡೀಲೇ ಅದನ್ನ!" ಎಂಬ ಕೂಗು ಬಂತು. ಪರಮೇಶಪ್ಪ ಚಂದ್ರಿಯ ಪಕ್ಕದಲ್ಲಿ ಕುಳಿತು ಹೋರಿ ಬೆದರಿಸುವ ಆಟದ ವಿಡಿಯೋ ನೋಡುತ್ತಿದ್ದ.

"ಅಲ್ರೀ, ದೀಪ ಹಚ್ಚೇನಿ, ನಿಮಗ ತಿಳೀಬಾರದ?"

"ನಾ ಏನ ಹೆಪ್ಪು ಕೇಳಾಕ ಬಂದವನೇನ? ನಾ ಮನಿ ಯಜಮಾನ!"

"ಯಜಮಾನ ಪಡಸಾಲ್ಯಾಗ ಇರತಾನ. ಕೊಟ್ಟಿಗ್ಯಾಗ ಇರೂದು ಎಮ್ಮಿ."

ಪರಮೇಶಪ್ಪನ ಫೋನು ದಾನವ್ವನ ಸೆರಗಿನ ಗಂಟು ಸೇರಿತು. ಏಳಾಯಿತು. ಒಳಗಿನಿಂದ ಶ್ವೇತಾಳ ದನಿ ಕೇಳಿಸಿತು, "ನಮಸ್ಕಾರ ಮಕ್ಕಳೇ." ಆನೆ ಬಂತು, ಇಲಿ ಬಂತು, ಈಚಲಮರವೂ ಬಂತು. ಎಲ್ಲೂ ನಿಲ್ಲಲಿಲ್ಲ. ದಾನವ್ವ ಹೊರಗೆ ಕಟ್ಟೆಗೆ ಬಂದಳು.

ಕಟ್ಟೆಯ ತುದಿಯಲ್ಲಿ ಹುಚ್ಚವ್ವ ಕುಳಿತಿದ್ದಳು. ಫೋನು ಆರಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಯಾಕ ಹುಚ್ಚವ್ವ, ಮಗಳ ಸಂಗಾಟ ಮಾತಾಡಲಿಲ್ಲ?"

"ದೀಪ ಹಚ್ಚೇರಲ್ರಿ ಅಕ್ಕಾರ. ನಾಳೆ ಮಾತಾಡತೇನಿ." ಫೋನಿನ ಮೇಲೆ ಕೈ ಸವರುತ್ತ ಹೇಳಿದಳು, "ಇವತ್ತ ಅಲ್ಲೆ ಕೂಸಿನ್ನ ತೊಟ್ಟಿಲಿಗೆ ಹಾಕತಾರ್ರಿ. ಹೆಸರಿಡತಾರ. ರೂಢಿ ಆಗೇತಲ್ಲ, ಕಾಲು ತಾವ ಇಲ್ಲೀತನಕ ಬಂದ್ವು. ಸುಮ್ನ ಕುಂತೇನಿ, ಈಗ ಹೋಗತೇನಿ."

ಇದೊಂದು ದಾನವ್ವನಿಗೆ ಹೊಳೆದೇ ಇರಲಿಲ್ಲ! ಉಳಿದವರಿಗೆ ಡಿಸೈನು, ಧಾರಣೆ, ಪ್ರವಚನ; ಅವು ನಾಳೆಯೂ ಇರುತ್ತವೆ. ಮೊಮ್ಮಗಳ ತೊಟ್ಟಿಲು ನಾಳೆ ಇರುತ್ತದೆಯೆ? ಅವಳು ಸರಕ್ಕನೆ ಒಳಗೆ ಹೋಗಿ ಚನ್ನೇಶನ ಕಿವಿಯಲ್ಲಿ ಕೇಳಿದಳು, "ಇನ್ನೊಂದು ಫೋನ್ ಕೂಡಿದ್ರ ಪಾಠ ನಿಲ್ಲತೈತೇನೋ?"

"ಒಂದ ಎರಡ ತಡಕೊಂತೈತಿ ಅನ್ನಸತೈತ್ರಿ. ಅಲ್ಲೇ ಕಟ್ಟಿ ಮ್ಯಾಲ ಮಾತಾಡಲಿ ಬಿಡ್ರಿ."

ಅನ್ನಿಸುತ್ತದಂತೆ! ಬಾಯಿ ತೆರೆದೇ ನಿಂತ ಶ್ವೇತಾಳ ಮುಖ ಕಣ್ಣಮುಂದೆ ಬಂತು. ಮಡಿಲಲ್ಲಿ ಆರಿದ ಫೋನು ಇಟ್ಟುಕೊಂಡ ಹುಚ್ಚವ್ವನ ಮುಖವೂ ಬಂತು. ಕಟ್ಟೆಯ ಮೇಲೆ ಕೊಟ್ಟರೆ ಹೊಸ್ತಿಲು ದಾಟಿಸಿದಂತೆ. ಓಣಿಗೆ ಹೇಳಿದ ಮಾತು ತಾನೇ ಮುರಿದಂತೆ. ಅವ್ವ ಹೇಳಿದ್ದೇನು? ಒಳಗೆ ಕರೆದು ಕುಂದ್ರಿಸು ಅಂತ. ಇಷ್ಟು ವರ್ಷ ಎಷ್ಟೋ ಮಂದಿಯನ್ನು ಕರೆದು ಕುಂದ್ರಿಸಿದ್ದಾಳೆ. ಇವಳನ್ನು ಮಾತ್ರ ಯಾಕೆ ಕರೆಯಲಿಲ್ಲ? ದಾನವ್ವನಿಗೆ ನಾಚಿಕೆಯಾಯಿತು.

ಹೊರಗೆ ಬಂದು, "ಏಳ, ಒಳಗ ಬಾ" ಎಂದಳು.

"ಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಬರೋಬ್ಬರಿ ಅದೇನಿ."

"ದೀಪ ಹಚ್ಚಿದ ಮ್ಯಾಲ ಹೊರಗ ಕೊಡಾಕ ಬರೂದಿಲ್ಲ. ಒಳಗ ಕುಂತು ತಗೊಂಡ್ರ ದೋಷ ಇಲ್ಲ. ಬಾ ಅಂದೇನಿ."

ಹುಚ್ಚವ್ವ ಏಳಲಿಲ್ಲ. ದಾನವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಹೊಸ್ತಿಲ ಹತ್ತಿರ ಹುಚ್ಚವ್ವನ ಕಾಲು ಒಂದು ಗಳಿಗೆ ನಿಂತಿತು. ಬಗ್ಗಿ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಕಾಲಿಟ್ಟಳು. ದಾನವ್ವ ಅವಳನ್ನು ನೇರ ಅಡುಗೆಮನೆಗೆ ಕರೆದೊಯ್ದು ಮಣೆ ಹಾಕಿದಳು.

ಮುಂದೆ ದಾನವ್ವನ ಪಾಡು ಕೇಳಬೇಡಿ. ಒಂದು ಕಿವಿ ಸೊಸೆಯ ಕೋಣೆಯ ಕಡೆ, ಇನ್ನೊಂದು ಹುಚ್ಚವ್ವನ ಫೋನಿನ ಕಡೆ. ಫೋನಿನಲ್ಲಿ ಸವಿತಾ ಕಂಡಳು, ಹೂವು ಕಟ್ಟಿದ ತೊಟ್ಟಿಲು ಕಂಡಿತು, ಅದರಲ್ಲಿ ಕಣ್ಣು ಮುಚ್ಚಿದ ಕೂಸು. "ಯವ್ವಾ, ನೀನ ಹಾಡಬೇಕಬೇ, ಇಲ್ಲೆ ಯಾರಿಗೂ ಬರೂದಿಲ್ಲ" ಎಂದಳು ಸವಿತಾ. ಹುಚ್ಚವ್ವ ದಾನವ್ವನ ಮುಖ ನೋಡಿದಳು. ದಾನವ್ವ ಹಾಡು ಅಂತ ಕಣ್ಣಲ್ಲೇ ಹೇಳಿದಳು. ಹುಚ್ಚವ್ವ ಮೆಲ್ಲಗೆ ಶುರುಮಾಡಿದಳು; ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಾನೆಲ್ಲಿ ಕುಳಿತಿದ್ದೇನೆಂದು ಮರೆತು ಗದ್ದೆಯಲ್ಲಿ ಹಾಡುವ ದನಿಯಲ್ಲೇ ಹಾಡಿದಳು.

ಕೋಣೆಯಲ್ಲಿ ಶ್ವೇತಾಳ ಪಾಠ ನಿಂತಿತು.

ಹೋಯಿತು, ಎಲ್ಲ ಹೋಯಿತು! ದಾನವ್ವ ಕೋಣೆಯ ಬಾಗಿಲಿಗೆ ಓಡಿದಳು. ಪರದೆಯ ಮೇಲೆ ಮಕ್ಕಳು ಅಲುಗಾಡುತ್ತಲೇ ಇದ್ದರು. ಮಸ್ಕತ್ತಿನ ಹುಡುಗಿಯೊಬ್ಬಳು ಕಿವಿ ಹತ್ತಿರ ತಂದು ಕೇಳುತ್ತಿದ್ದಳು, "ಟೀಚರ್, ಅದು ಯಾರು ಹಾಡುತ್ತಿರುವುದು?"

ಶ್ವೇತಾ ಒಂದು ಕ್ಷಣ ಅತ್ತೆಯ ಕಡೆ ನೋಡಿದಳು. ಆಮೇಲೆ ಮಕ್ಕಳ ಕಡೆ ತಿರುಗಿ, "ಪಕ್ಕದಲ್ಲಿ ಒಬ್ಬರು ಅಜ್ಜಿ ತಮ್ಮ ಮೊಮ್ಮಗಳನ್ನು ಮಲಗಿಸುತ್ತಿದ್ದಾರೆ. ಈ ಹಾಡಿಗೆ ಜೋಗುಳ ಅನ್ನುತ್ತಾರೆ. ಎಲ್ಲರೂ ಹೇಳಿ ನೋಡೋಣ, ಜೋ... ಗು... ಳ" ಎಂದಳು. ನಾಲ್ಕೂ ಮಕ್ಕಳು ಹೇಳಿದರು. ಪರೀಕ್ಷೆ ಮಾಡುವ ಮೇಡಂ ಕೂಡ ಅವರ ಜೊತೆ ಹೇಳಿಬಿಟ್ಟರು.

ಪಾಠ ಮುಗಿದಾಗ ಸೋಮವಾರದಿಂದ ಶುರುಮಾಡಿ ಅಂದರು. ಶ್ವೇತಾ ಹೊರಗೆ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು, ಏನು ಮಾಡಬೇಕೆಂದು ತಿಳಿಯದೆ ಹುಚ್ಚವ್ವನನ್ನೂ ತಬ್ಬಿಕೊಂಡಳು. ಸುದ್ದಿ ಹೇಗೆ ಹೋಯಿತೋ, ಓಣಿಯ ಅರ್ಧ ಮಂದಿ ಪಡಸಾಲೆಗೆ ಬಂದರು. ಹಬ್ಬಕ್ಕೆ ಮಾಡಿಟ್ಟ ಏನೂ ಮನೆಯಲ್ಲಿರಲಿಲ್ಲ. ಇದ್ದದ್ದು ಅನ್ನ, ಗಡಿಗೆ ತುಂಬ ಮೊಸರು. ಒಳಗೆ ಕುಂತವರಿಗೆ ಬಡಿಸಲು ಯಾರ ಅಡ್ಡಿ? ದಾನವ್ವ ಬಡಿಸಿದಳು, ಮತ್ತೂ ಬಡಿಸಿದಳು. ಚನ್ನೇಶ ಮೂರು ಸಲ ಹಾಕಿಸಿಕೊಂಡ. ಹುಚ್ಚವ್ವ ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ಉಂಡಳು. ಉಂಡ ಮೊಸರಿನ ರುಚಿ ತನ್ನ ಮನೆಯದೇ ಎಂದು ಅವಳಿಗೆ ನಗು ಬಂತು.

ಎಲ್ಲರೂ ಹೋದ ಮೇಲೆ ದಾನವ್ವ ಕಾಸಿದ ಹಾಲಿಗೆ ಹೆಪ್ಪು ಹಾಕಲು ಗಡಿಗೆಗೆ ಚಮಚ ಇಳಿಸಿದಳು. ಚಮಚ ತಳ ಮುಟ್ಟಿ ಟಣ್ ಅಂದಿತು. ಗಡಿಗೆ ತೊಳೆದಿಟ್ಟಂತಾಗಿತ್ತು, ಉಳಿದ ಒಂದಿಷ್ಟನ್ನು ಪರಮೇಶಪ್ಪ ಬೆರಳಲ್ಲಿ ಬಳಿದು ನೆಕ್ಕಿದ್ದ. ತಿಳವಳ್ಳಿಯ ಹೆಪ್ಪು! ಅವ್ವ ಸತ್ತು ಎಷ್ಟೋ ವರ್ಷವಾದರೂ ಆ ಗಡಿಗೆಯಲ್ಲಿ ಅವಳ ಕೈ ದಿನಾ ಇತ್ತು. ದಾನವ್ವ ನೆಲಕ್ಕೆ ಕುಳಿತು ಮಕ್ಕಳಂತೆ ಅತ್ತಳು.

"ಅಳಬ್ಯಾಡ, ಓಣಿಗೆಲ್ಲಾ ಕೊಟ್ಟಿ, ಯಾರನ್ನರ ಕೇಳು" ಎಂದ ಪರಮೇಶಪ್ಪ. ಅವನ ಮುಖವೂ ಸಣ್ಣದಾಗಿತ್ತು.

"ಈಗ ಹೆಂಗ ಕೇಳಲಿ? ದೀಪ ಹಚ್ಚೇನಿ."

ಹಾಲು ಹಾಗೇ ಉಳಿಯಿತು. ಬೆಳಗಾಗುತ್ತಲೇ ದಾನವ್ವ ಒಂದು ಸಣ್ಣ ಬಟ್ಟಲು ಹಿಡಿದು ಓಣಿಗೆ ಇಳಿದಳು. ಜನ್ಮದಲ್ಲಿ ಮೊದಲ ಸಲ ಅವಳ ಕೈಯಲ್ಲಿ ಖಾಲಿ ಬಟ್ಟಲು. ಶಾಕೀರಾಳ ಮನೆಯಲ್ಲಿ ಈಗೀಗ ಪಾಕೀಟಿನ ಮೊಸರೂ ಬೆರೆಯುತ್ತದೆ, ಸಿದ್ದವ್ವನಲ್ಲಿಯೂ ಅದೇ ಕಥೆ. ಏನೂ ಬೆರೆಸದೆ ದಾನವ್ವ ಕೊಟ್ಟ ಅದೇ ಹೆಪ್ಪನ್ನು ದಿನಾ ನಡೆಸಿಕೊಂಡು ಬಂದ ಮನೆ ಓಣಿಯಲ್ಲಿ ಒಂದೇ. ಆ ಮನೆಯಿಂದ ದಾನವ್ವನ ಮನೆಗೆ ಇವತ್ತಿನವರೆಗೆ ಒಂದು ಹನಿ ನೀರೂ ಬಂದಿರಲಿಲ್ಲ.

ಹುಚ್ಚವ್ವ ಅಂಗಳ ಸಾರಿಸುತ್ತಿದ್ದಳು. ದಾನವ್ವನನ್ನು ನೋಡಿ ಕೈ ಹಾಗೇ ನಿಂತಿತು.

"ಹುಚ್ಚವ್ವ, ಒಂಚೂರು ಹೆಪ್ಪು ಕೊಡ."

"ನಮ್ಮ ಮನೀದಾ?" ಹುಚ್ಚವ್ವನಿಗೆ ನಂಬಿಕೆಯಾಗಲಿಲ್ಲ. "ನಮ್ಮ ಮನೀದು ನಿಮಗ ನಡೀತೈತೇನ್ರಿ ಅಕ್ಕಾರ?"

"ನಿನ್ನ ಮನೀದರಾಗ ನಮ್ಮವ್ವ ಅದಾಳ. ನನ್ನ ಮನ್ಯಾಗ ರಾತ್ರಿ ಮುಗದು ಹೋದ್ಳು" ಎಂದಳು ದಾನವ್ವ. ಕೈಯಲ್ಲಿದ್ದ ಬಟ್ಟಲನ್ನು ಮುಂದೆ ಚಾಚಿದಳು.

ಹುಚ್ಚವ್ವ ಕೈ ತೊಳೆದುಕೊಂಡಳು. ಬಟ್ಟಲು ಮಾತ್ರ ಈಸಿಕೊಳ್ಳಲಿಲ್ಲ. ಬಾಗಿಲು ಪೂರ್ತಿ ತೆರೆದು, ಒಂದು ಬದಿಗೆ ಸರಿದು ನಿಂತು, "ಹೊರಗ ನಿಂತು ತಗೊಳ್ಳೂದು ಬ್ಯಾಡ್ರಿ. ಒಳಗ ಬರ್ರಿ, ಕುಂದರ್ರಿ, ಮಜ್ಜಿಗಿ ಕುಡದು ಒಯ್ಯೀರಂತ" ಎಂದಳು.

ಬಾಗಿಲು ಗಿಡ್ಡಗಿತ್ತು. ದಾನವ್ವ ತಲೆ ಬಗ್ಗಿಸಿ ಒಳಗೆ ಹೋದಳು.